ಜಿಡ್ಡು ಹತ್ತಿದ ಪುಸ್ತಕ

ನಮ್ಮ ಮನೆಯ ಅಟ್ಟದ ಮೇಲೆ ಒಂದು ತಗಡಿನ ಪೆಟ್ಟಿಗೆಯುಂಟು. ಸೀಮೆಯೆಣ್ಣೆಯ ವಾಸನೆ ಹೊಡೆಯುವ ಎರಡು ಇಂಗ್ಲಿಷ್ ಪುಸ್ತಕಗಳು, ನೂರು ಪುಟದ ಒಂದು ನೋಟು ಬುಕ್ಕು, ಎಣ್ಣೆ ಸವರಿದ ಬಟ್ಟೆಯಲ್ಲಿ ಸುತ್ತಿಟ್ಟ ಒಂದು ಮೈಕ್ರೊಮೀಟರು, ಕತ್ತು ಸಣ್ಣಗಾದ ಒಂದು ಕಬ್ಬಿಣದ ಬೋಲ್ಟು, ಇಷ್ಟೇ ಅದರೊಳಗಿನ ಆಸ್ತಿ. ಪ್ರತಿವರ್ಷವೂ ದೀಪಾವಳಿಗೆ ಮುಂಚೆ ಅಟ್ಟ ಗುಡಿಸುವಾಗ ನನ್ನ ಹೆಂಡತಿ ಆ ಪೆಟ್ಟಿಗೆಯನ್ನು ಕೆಳಗಿಳಿಸಿ, "ಈ ಸಲವಾದರೂ ಇದನ್ನು ಗುಜರಿಯವನಿಗೆ ಕೊಡೋಣವೆ?" ಎಂದು ಕೇಳುವಳು. ನಾನು "ಇರಲಿ" ಎನ್ನುವೆನು. ಪೆಟ್ಟಿಗೆ ಪುನಃ ಅಟ್ಟ ಸೇರುವುದು. ಈ ಮಾತುಕತೆಯು ನಮ್ಮ ಮನೆಯ ಹಬ್ಬದ ವಿಧಿಗಳಲ್ಲಿ ಒಂದಾಗಿಹೋಗಿದೆ. ಆದರೆ ಈ ವರ್ಷ ತಮ್ಮನ ಮಗನು ಬಂದು, "ದೊಡ್ಡಪ್ಪ, ಆ ಪೆಟ್ಟಿಗೆ ಇನ್ನೂ ಇದೆಯೆ?" ಎಂದು ತಾನಾಗಿಯೇ ಕೇಳಿದನು. ಆದುದರಿಂದ ಈ ವೃತ್ತಾಂತವನ್ನು ಬರೆಯುವ ಮನಸ್ಸಾಯಿತು.

ಜೀವಮಾನವೆಲ್ಲ ಹುಡುಗರಿಗೆ ಸಂಧಿ ಸಮಾಸಗಳನ್ನು ಹೇಳಿಕೊಟ್ಟ ಉಪಾಧ್ಯಾಯನಿಗೂ ಡೀಸೆಲ್ ಲಾರಿಯ ಎಂಜಿನ್ನಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ನನಗೆ ಸಂಬಂಧವಿಲ್ಲ, ನನ್ನ ತಮ್ಮನಿಗೆ ಇತ್ತು. ಅವನದು ಒಂಟಿ ಲಾರಿಯ ಸಂಸಾರ. ಹತ್ತು ಲಾರಿಗಳ ಯಜಮಾನನಿಗೆ ಒಂದು ಲಾರಿ ನಿಂತರೆ ನಷ್ಟವಷ್ಟೆ. ಒಂದೇ ಲಾರಿಯವನಿಗೆ ಒಲೆಯೇ ನಿಂತುಹೋಗುತ್ತದೆ. ಎತ್ತು ಬಿದ್ದ ಒಕ್ಕಲಿಗನ ಮನೆಯನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಲಾರಿಗೆ ಇದ್ದುದು ಟಾಟಾ ೬೯೭ ಎಂಬ ಎಂಜಿನ್ನು. ಟಾಟಾದವರು ಜರ್ಮನಿಯ ಡೈಮ್ಲರ್-ಬೆನ್ಸ್ ಕಂಪನಿಯೊಡನೆ ೧೯೫೪ರಲ್ಲಿ ಕೂಡಿಕೊಂಡು ಜಮ್‌ಶೆಡ್‌ಪುರದಲ್ಲಿ ಲಾರಿಗಳನ್ನು ತಯಾರಿಸತೊಡಗಿದರಷ್ಟೆ. ಆ ಮನೆತನದ ಎಂಜಿನ್ನು ಇದು. ೬೯೭ ಎಂಬ ಅಂಕಿಯು ಲಾಟರಿ ಚೀಟಿಯ ಅಂಕಿಯಂತೆ ಅರ್ಥವಿಲ್ಲದ್ದೆಂದು ನಾನು ಬಹುಕಾಲ ತಿಳಿದಿದ್ದೆನು. ಮೊದಲಿನ ೬ ಎಂದರೆ ಆರು ಸಿಲಿಂಡರು. ಉಳಿದ ೯೭ ಎಂದರೆ ಸಿಲಿಂಡರಿನ ಬಾಯಿ ೯೭ ಮಿಲಿಮೀಟರು ಅಗಲ. ಪಿಸ್ಟನ್ನು ೧೨೮ ಮಿಲಿಮೀಟರು ಮೇಲಕ್ಕೂ ಕೆಳಕ್ಕೂ ಓಡುತ್ತದೆ. ಈ ಎರಡು ಅಳತೆಗಳಿಂದ ಆರು ಸಿಲಿಂಡರುಗಳ ಒಟ್ಟು ಹೊಟ್ಟೆಯನ್ನು ಗುಣಿಸಿದರೆ ೫,೬೭೫ ಘನ ಸೆಂಟಿಮೀಟರು ಬರುತ್ತದೆ. ಹೆಸರಿನಲ್ಲಿಯೇ ಜಾತಕವಿದ್ದರೂ ಓದಲು ತಿಳಿಯದವನಿಗೆ ಏನು ಪ್ರಯೋಜನ?

೧೯೯೨ರ ಕೊನೆಯ ಹೊತ್ತಿಗೆ ಆ ಎಂಜಿನ್ನು ಎಣ್ಣೆ ಕುಡಿಯುವುದಕ್ಕೂ ನೀಲಿ ಹೊಗೆ ಉಗುಳುವುದಕ್ಕೂ ಮೊದಲುಮಾಡಿತು. ತಮ್ಮನು ಹೆಂಡತಿಯ ನಾಲ್ಕು ಬಳೆಗಳನ್ನು ಅಡವಿಟ್ಟು, ಒಂದು ಕಡೆ ಎಂಜಿನ್ನನ್ನು ಬಿಚ್ಚಿಸಿ ಪೂರಾ ಕೆಲಸ ಮಾಡಿಸಿದನು. ನಾಲ್ಕೇ ದಿನದಲ್ಲಿ ಮಾಡಿಕೊಟ್ಟರೆಂದು ಅವನಿಗೆ ಬಹಳ ಸಂತೋಷವಾಗಿತ್ತು. ಆ ನಾಲ್ಕು ದಿನಗಳಲ್ಲಿ ಒಂದು ದಿನ ನಾನೂ ಹೋಗಿ ನೋಡಿದ್ದೆನು. ಸುತ್ತಿಗೆ ಇತ್ತು, ಉಳಿ ಇತ್ತು, ಸ್ಪ್ಯಾನರುಗಳ ರಾಶಿ ಇತ್ತು, ಬಲವಾದ ತೋಳಿನ ಹುಡುಗರಿದ್ದರು. ಅಳೆಯುವ ಸಾಮಾನು ಯಾವುದೂ ಕಾಣಲಿಲ್ಲ. ಅದು ನನಗೆ ಆಗ ಕೊರತೆಯೆಂದು ತೋರಲೂ ಇಲ್ಲ.

೧೯೯೩ರ ಫೆಬ್ರುವರಿಯಲ್ಲಿ ಬ್ಯಾಡಗಿಯಿಂದ ಒಣಮೆಣಸಿನಕಾಯಿಯ ಚೀಲಗಳನ್ನು ಹೇರಿಕೊಂಡು ಬೆಂಗಳೂರಿಗೆ ಹೊರಟಿದ್ದ ಲಾರಿ ಹರಿಹರದ ಹತ್ತಿರ ಬರುವಷ್ಟರಲ್ಲಿ, ಎಂಜಿನ್ನಿನ ಕೆಳಹೊಟ್ಟೆಯಲ್ಲಿ ಯಾರೋ ಒನಕೆಯಿಂದ ಕುಟ್ಟಿದಂತೆ ಸದ್ದು ಬರತೊಡಗಿತು. ತಮ್ಮನು ಕೂಡಲೆ ನಿಲ್ಲಿಸಿದ್ದರಿಂದ ಕಂಬಿ ಮುರಿದು ಬ್ಲಾಕನ್ನು ಸೀಳಿಕೊಂಡು ಹೊರಗೆ ಬರಲಿಲ್ಲ. ಚೀಲಗಳನ್ನು ತನ್ನ ಖರ್ಚಿನಿಂದ ಬೇರೆ ಲಾರಿಗೆ ಹೇರಿಸಿ, ತನ್ನ ಲಾರಿಯನ್ನು ಸರಪಳಿ ಹಾಕಿಸಿ ದಾವಣಗೆರೆಗೆ ಎಳೆಸಿಕೊಂಡು ಬಂದನು. ಮೊದಲು ಕೆಲಸ ಮಾಡಿದವರು, "ಓಡಿಸಿದ್ದರಲ್ಲಿ ತಪ್ಪು" ಎಂದು ಹೇಳಿ ಕೈತೊಳೆದುಕೊಂಡರು. ಮೆಣಸಿನಕಾಯಿಯ ಕಾಲವು ಬೇಸಗೆಯೊಡನೆ ಮುಗಿದುಹೋಗುವುದು. ಬಳೆಗಳ ಬಡ್ಡಿಗೆ ಮಾತ್ರ ಯಾವ ಕಾಲವೂ ಮುಗಿಯುವುದಿಲ್ಲ. ತಮ್ಮನ ಹೆಂಡತಿಯು ನನ್ನ ಎದುರಿಗೆ ಒಂದು ಮಾತೂ ಆಡಲಿಲ್ಲ. ಕಾಫಿಯ ಲೋಟವನ್ನು ಮುಂದಿಟ್ಟಾಗ ಅವಳ ಬರಿಗೈಗಳನ್ನು ಕಂಡು ನಾನೇ ತಲೆ ತಗ್ಗಿಸಿಕೊಂಡೆನು.

ಪಿ. ಬಿ. ರಸ್ತೆಯ ಪಕ್ಕದ ಒಂದು ತಗಡಿನ ಶೆಡ್ಡಿನಲ್ಲಿ ಒಬ್ಬ ವಯಸ್ಸಾದ ಮೇಸ್ತ್ರಿಗಳಿದ್ದರು. ಅವರು ಕೆಲಸದಲ್ಲಿ ನಿಧಾನ, ಮಾತಿನಲ್ಲಿ ಒರಟು ಎಂದು ಹೆಸರು. ನಾವಿಬ್ಬರೂ ಅವರಲ್ಲಿಗೆ ಹೋದೆವು. ಅವರು ಎಲ್ಲವನ್ನೂ ಕೇಳಿಕೊಂಡು, ಬೀಡಿಯನ್ನು ಆರಿಸಿ, "ಬಿಚ್ಚುತ್ತೇನೆ. ಆದರೆ ಪುಸ್ತಕ ಬೇಕು. ಪುಸ್ತಕ ಓದುವವರೂ ಬೇಕು" ಎಂದರು. ಅವರಿಗೆ ಉರ್ದುವೂ ಸ್ವಲ್ಪ ಕನ್ನಡವೂ ಓದಲು ಬರುತ್ತಿತ್ತು; ಇಂಗ್ಲಿಷು ಬರುತ್ತಿರಲಿಲ್ಲ. ಹಿಂದೆ ಅವರ ಬಳಿ ಒಂದು ಪುಸ್ತಕವಿದ್ದು, ಯಾರೋ ಎರಡು ದಿನಕ್ಕೆಂದು ಕೇಳಿ ತೆಗೆದುಕೊಂಡು ಹೋಗಿದ್ದರಂತೆ. ಎರಡು ದಿನಕ್ಕೆಂದು ಹೋದ ಪುಸ್ತಕದ ಗತಿ ಏನೆಂದು ವಾಚಕರಿಗೂ ಅನುಭವವಿದ್ದೀತು.

"ಮೂವತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೀರಿ. ನಿಮಗೂ ಪುಸ್ತಕ ಬೇಕೆ?" ಎಂದು ತಮ್ಮನು ಕೇಳಿದನು.

"ಮೇಷ್ಟ್ರು ಎಷ್ಟು ವರ್ಷದಿಂದ ಪಾಠ ಹೇಳುತ್ತಾರೆ? ಪುಸ್ತಕವಿಲ್ಲದೆ ಶಾಲೆಗೆ ಹೋಗುತ್ತಾರೆಯೆ?" ಎಂದು ಅವರು ನನ್ನ ಕಡೆಗೆ ತಿರುಗಿದರು.

ಹೀಗೆ ಮೇಸ್ತ್ರಿಗಳಿಗೆ ಈ ಮೇಷ್ಟ್ರು ಸಹಾಯಕನಾದೆನು.

ಪುಸ್ತಕಕ್ಕಾಗಿ ಬೆಂಗಳೂರಿನ ಅವೆನ್ಯೂ ರಸ್ತೆಗೆ ಹೋದೆನು. ಹಳೆಯ ಪುಸ್ತಕಗಳ ಆ ಅಂಗಡಿಗಳಲ್ಲಿ ನಿಘಂಟುಗಳನ್ನೂ ಕಾವ್ಯಗಳನ್ನೂ ಹುಡುಕಿದವನು ನಾನು. ಎಂಜಿನ್ನಿನ ಪುಸ್ತಕ ಕೇಳಿದ್ದು ಅದೇ ಮೊದಲು. ಮೂರನೆಯ ಅಂಗಡಿಯಲ್ಲಿ ದಪ್ಪ ರಟ್ಟಿನ ಒಂದು ಪುಸ್ತಕವನ್ನು ತೆಗೆದುಕೊಟ್ಟರು. ಚಿತ್ರಗಳು, ಕೋಷ್ಟಕಗಳು, ಎಲ್ಲವೂ ಸರಿಯಾಗಿಯೇ ಇದ್ದಂತೆ ಕಂಡಿತು. ಹಣ ಕೊಡುವಷ್ಟರಲ್ಲಿ ಮೇಸ್ತ್ರಿಗಳ ಎಚ್ಚರಿಕೆ ನೆನಪಾಗಿ, ಎಂಜಿನ್ನಿನ ಹೆಸರನ್ನು ಮತ್ತೊಮ್ಮೆ ನೋಡಿದೆನು: ೬೯೨. ಅದು ಮುಂಚಿನ ಎಂಜಿನ್ನು. ೯೨ ಮಿಲಿಮೀಟರು ಬಾಯಿ, ೧೨೦ ಮಿಲಿಮೀಟರು ಓಟ. ನೋಡುವುದಕ್ಕೆ ಅಣ್ಣ ತಮ್ಮಂದಿರಂತಿದ್ದರೂ ಒಬ್ಬನ ಅಂಗಿ ಇನ್ನೊಬ್ಬನಿಗೆ ಹಿಡಿಸುವುದಿಲ್ಲ. ನಮಗೆ ಬೇಕಾದ ಪುಸ್ತಕವು ಸಂಜೆಯ ಹೊತ್ತಿಗೆ ಬೇರೊಂದು ಅಂಗಡಿಯಲ್ಲಿ ದೊರೆಯಿತು. ಜೊತೆಗೆ ಬಿಡಿಭಾಗಗಳ ಪಟ್ಟಿಯ ಪುಸ್ತಕವೂ ಸಿಕ್ಕಿತು.

ಈ ಎರಡು ಪುಸ್ತಕಗಳಿಗೂ ಭೇದವಿದೆ. ಮೊದಲನೆಯದು ಹೇಗೆ ಬಿಚ್ಚಬೇಕು, ಯಾವುದನ್ನು ಎಲ್ಲಿ ಅಳೆಯಬೇಕು, ಎಷ್ಟು ಸವೆದರೆ ಬಿಸಾಡಬೇಕು, ಎಷ್ಟು ಬಿಗಿಯಬೇಕು ಎಂಬುದನ್ನು ಹೇಳುತ್ತದೆ. ಎರಡನೆಯದು ಏನನ್ನೂ ಹೇಳುವುದಿಲ್ಲ, ತೋರಿಸುತ್ತದೆ. ಒಂದು ಪುಟದಲ್ಲಿ ಒಂದು ಅಂಗದ ಎಲ್ಲ ಬಿಡಿಭಾಗಗಳನ್ನೂ, ಹೂವಿನ ಎಸಳುಗಳನ್ನು ಬಿಡಿಸಿ ಸಾಲಾಗಿಟ್ಟಂತೆ, ಯಾವುದರ ಹಿಂದೆ ಯಾವುದು ಬರುವುದೋ ಆ ಕ್ರಮದಲ್ಲಿಯೇ ಬರೆದಿರುತ್ತಾರೆ. ಪ್ರತಿಯೊಂದಕ್ಕೂ ಒಂದು ನಂಬರು. ಆ ನಂಬರನ್ನು ಹೇಳಿದರೆ ಅಂಗಡಿಯವನು ಅದೇ ಸಾಮಾನನ್ನು ಕೊಡಬೇಕು. ನಂಬರಿಲ್ಲದೆ, "ಗುಂಡಗೆ ಇಷ್ಟಿರುತ್ತದಲ್ಲ, ಅದು" ಎಂದು ಕೈಸನ್ನೆ ಮಾಡಿದರೆ ಅವನು ತನ್ನಲ್ಲಿ ಮಾರಾಟವಾಗದೆ ಉಳಿದಿದ್ದನ್ನು ಕೊಡುವನು. ವ್ಯಾಕರಣವೂ ನಿಘಂಟೂ ಎರಡೂ ಬೇಕೆಂಬುದು ನನ್ನ ಕಸುಬಿನವರಿಗೆ ಹೊಸ ಮಾತಲ್ಲ.

ರಾತ್ರಿಯ ಬಸ್ಸಿನಲ್ಲಿ ಆ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಬರುವಾಗ, ಈ ಯಂತ್ರವನ್ನು ಕಂಡುಹಿಡಿದ ರುಡಾಲ್ಫ್ ಡೀಸೆಲನು ಪುಸ್ತಕಕ್ಕೆ ರಟ್ಟು ಕಟ್ಟುವವನ ಮಗನೆಂದು ಎಲ್ಲಿಯೋ ಓದಿದ್ದು ನೆನಪಾಯಿತು. ೧೮೫೮ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿದ ಆ ಜರ್ಮನನು ೧೮೯೩ರಲ್ಲಿ ತನ್ನ ಮೊದಲ ಎಂಜಿನ್ನನ್ನು ಪರೀಕ್ಷಿಸುವಾಗ ಅದರ ಮೇಲಿದ್ದ ಒತ್ತಡ ಅಳೆಯುವ ಉಪಕರಣವು ಸಿಡಿದು, ಸ್ವಲ್ಪದರಲ್ಲಿ ಪ್ರಾಣವುಳಿಯಿತು. ೧೮೯೭ರಲ್ಲಿ ಆಗ್ಸ್‌ಬರ್ಗ್ ಪಟ್ಟಣದಲ್ಲಿ ಅವನ ಎಂಜಿನ್ನು ಚೆನ್ನಾಗಿ ನಡೆಯಿತು. ೧೯೧೩ರಲ್ಲಿ ಹಡಗಿನಲ್ಲಿ ಇಂಗ್ಲೆಂಡಿಗೆ ಹೋಗುತ್ತ ಅವನು ರಾತ್ರೋರಾತ್ರಿ ಕಾಣೆಯಾದನು. ಅವನ ಉಪಾಯವೇನೆಂದರೆ: ಗಾಳಿಯನ್ನು ಬಿಗಿಯಾಗಿ ಹಿಸುಕಿದರೆ ಅದು ತಾನೇ ಕಾಯುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತುದಿ ಬಿಸಿಯಾಗುವುದನ್ನು ನಾವೆಲ್ಲರೂ ಬಲ್ಲೆವು. ನಮ್ಮ ಎಂಜಿನ್ನಿನಲ್ಲಿ ಹದಿನೇಳು ಪಾಲು ಗಾಳಿಯನ್ನು ಸುಮಾರು ಒಂದು ಪಾಲಿನ ಜಾಗಕ್ಕೆ ಅದುಮಿದಾಗ ಅದರ ಬಿಸಿ ೫೦೦ ಡಿಗ್ರಿಗಳನ್ನೂ ಮೀರುವುದು. ಆಗ ಎಣ್ಣೆಯನ್ನು ಮಂಜಿನಂತೆ ಚಿಮ್ಮಿಸಿದರೆ ಕಿಡಿಯಿಲ್ಲದೆಯೇ ಹತ್ತಿಕೊಳ್ಳುವುದು. ಇಷ್ಟು ಒತ್ತಡವನ್ನು ತಡೆಯಬೇಕಾದ್ದರಿಂದಲೇ ಅದರ ಸಂದುಗಳೆಲ್ಲ ಕೂದಲಿಗಿಂತ ಸೂಕ್ಷ್ಮವಾಗಿರಬೇಕು. ಕಣ್ಣಿನಿಂದ ನೋಡಿ, ಬೆರಳಿನಿಂದ ಸವರಿ ತೀರ್ಮಾನಿಸುವ ವಸ್ತುವಲ್ಲ ಅದು.

ಎಂಜಿನ್ನನ್ನು ಚೈನ್ ಬ್ಲಾಕಿನಿಂದ ಎತ್ತಿ ಕೆಳಗಿಳಿಸಿದ ದಿನ ಮೇಸ್ತ್ರಿಗಳು ಮೊದಲು ತರಿಸಿದ್ದು ಸ್ಪ್ಯಾನರಲ್ಲ. ಹನ್ನೆರಡು ಖಾಲಿ ಡಬ್ಬಿಗಳು, ಒಂದು ರಟ್ಟಿನ ಪೆಟ್ಟಿಗೆ, ಬಿಳಿಯ ಬಣ್ಣ, ಹಳೆಯ ಪಂಚೆ. ಡಬ್ಬಿಗಳ ಮೇಲೆ ಅಂಕಿ ಬರೆಸಿದರು. ವಾಲ್ವುಗಳನ್ನು ಎತ್ತುವ ಹನ್ನೆರಡು ಕಡ್ಡಿಗಳನ್ನು ರಟ್ಟಿಗೆ ತೂತು ಮಾಡಿ ಸಾಲಾಗಿ ಚುಚ್ಚಿದರು. ಯಾವುದು ಎಲ್ಲಿ ಸವೆದಿದೆಯೋ ಅಲ್ಲಿಗೇ ಮರಳಬೇಕು. ಅತ್ತಿತ್ತ ಆದರೆ ಹೊಸ ಜಗಳ ಹುಟ್ಟುವುದೆಂದು ಅವರ ಮತ. ನಮ್ಮ ಶಾಲೆಯ ಪ್ರಯೋಗಶಾಲೆಯಲ್ಲಿಯೂ ಅಂತಹ ಶಿಸ್ತನ್ನು ನಾನು ಕಂಡಿರಲಿಲ್ಲ.

ರೋಗದ ಮೂಲವು ಅಂದು ಮಧ್ಯಾಹ್ನವೇ ಗೊತ್ತಾಯಿತು. ಪಿಸ್ಟನ್ನಿಗೂ ಕ್ರ್ಯಾಂಕಿಗೂ ನಡುವೆ ಇರುವ ಕಂಬಿಗೆ ಕನೆಕ್ಟಿಂಗ್ ರಾಡ್ ಎಂದು ಹೆಸರು. ಅದರ ಕೆಳತುದಿಯು ಎರಡು ಹೋಳಾಗಿದ್ದು, ಕ್ರ್ಯಾಂಕನ್ನು ಬಳೆಯಂತೆ ತಬ್ಬಿಕೊಳ್ಳುವುದು. ಕಾರ್ಖಾನೆಯಲ್ಲಿ ಕಂಬಿಯನ್ನೂ ಅದರ ಕೆಳಹೋಳನ್ನೂ ಕೂಡಿಸಿಯೇ ಕೊರೆದು ದುಂಡು ಮಾಡಿರುತ್ತಾರೆ. ಆದ್ದರಿಂದ ಆ ಎರಡು ಹೋಳುಗಳಿಗೂ ಒಂದೇ ಗುರುತಿನ ಅಂಕಿಯನ್ನು ಗುದ್ದಿರುತ್ತಾರೆ. ಮೇಸ್ತ್ರಿಗಳು ಎಣ್ಣೆಯನ್ನು ಒರೆಸಿ ನನ್ನನ್ನು ಕರೆದು ತೋರಿಸಿದರು. ಮೂರನೆಯ ಕಂಬಿಗೆ ನಾಲ್ಕರ ಹೋಳು, ನಾಲ್ಕನೆಯ ಕಂಬಿಗೆ ಮೂರರ ಹೋಳು. ಬೇರೆಯವರ ಜೋಡಿಯನ್ನು ಸೇರಿಸಿದ್ದರಿಂದ ಬಾಯಿ ದುಂಡಾಗಿ ಕೂಡದೆ, ನಾಲ್ಕನೆಯ ಬೇರಿಂಗಿನ ಮೆದು ಲೋಹವು ಕರಗಿ ಹರಿದುಹೋಗಿತ್ತು. "ನಾಲ್ಕು ದಿನದಲ್ಲಿ ಮುಗಿಸಬೇಕೆಂದರೆ ಅಂಕಿ ಓದುವುದಕ್ಕೆ ಪುರುಸೊತ್ತೆಲ್ಲಿ?" ಎಂದು ಅವರು ಅಷ್ಟೇ ಹೇಳಿದರು. ಇನ್ನೊಬ್ಬರ ಕೆಲಸವನ್ನು ಅದಕ್ಕಿಂತ ಹೆಚ್ಚಾಗಿ ಅವರು ಹಳಿಯಲಿಲ್ಲ. ತಮ್ಮನು ಮಾತ್ರ ಹೊರಗೆ ಹೋಗಿ ಬಹಳ ಹೊತ್ತು ರಸ್ತೆಯನ್ನು ನೋಡುತ್ತ ನಿಂತನು.

ಆಮೇಲೆ ಅಳತೆ ಮೊದಲಾಯಿತು. ಮೈಕ್ರೊಮೀಟರು ಎಂಬುದು ಅಕ್ಕಸಾಲಿಗನ ತಕ್ಕಡಿಯಂತಹ ಸಾಧನ. ಮಿಲಿಮೀಟರಿನ ನೂರನೆಯ ಒಂದು ಭಾಗವನ್ನು ಓದುತ್ತದೆ. ಅದನ್ನು ನಾನೇ ಕೊಂಡುಕೊಂಡೆನು. ಸಿಲಿಂಡರಿನ ಒಳಬಾಯಿಯನ್ನು ಅಳೆಯಲು ಗಡಿಯಾರದಂತೆ ಮುಳ್ಳಿರುವ ಬೋರ್ ಗೇಜು ಬೇಕು; ಅದನ್ನು ಬೋರಿಂಗ್ ಯಂತ್ರವಿಟ್ಟುಕೊಂಡವರಿಂದ ಎರವಲು ತಂದೆವು. ಕ್ರ್ಯಾಂಕಿಗೆ ಬ್ಲಾಕಿನಲ್ಲಿ ಕೂರುವ ಕತ್ತುಗಳು ಏಳು, ಕಂಬಿಗಳು ಹಿಡಿಯುವ ಕತ್ತುಗಳು ಆರು. ಒಂದೊಂದು ಕತ್ತನ್ನೂ ಎರಡು ಜಾಗದಲ್ಲಿ, ಒಂದೊಂದು ಜಾಗದಲ್ಲಿಯೂ ಅಡ್ಡಕ್ಕೊಮ್ಮೆ ಉದ್ದಕ್ಕೊಮ್ಮೆ ಅಳೆಯಬೇಕು. ಒಟ್ಟು ೫೨ ಅಳತೆ. ಆರು ಸಿಲಿಂಡರುಗಳನ್ನು ಮೇಲೆ, ನಡುವೆ, ಕೆಳಗೆ, ಎರಡೆರಡು ದಿಕ್ಕಿನಲ್ಲಿ ಅಳೆದರೆ ೩೬. ಅವರು ಸಾಧನವನ್ನು ಹಿಡಿದು, "ಓದಿ, ಮೇಷ್ಟ್ರೆ" ಎನ್ನುವರು. ನಾನು ಓದಿ ನೋಟು ಬುಕ್ಕಿನಲ್ಲಿ ಬರೆದುಕೊಳ್ಳುವೆನು. ಒಂದೇ ಕಡೆ ಎರಡು ಸಲ ಅಳೆದು ಎರಡು ಅಂಕಿ ಬಂದರೆ ಮೂರನೆಯ ಸಲ ಅಳೆಯುವರು. ಬಿಸಿಲೇರಿದ ಮೇಲೆ ಅಳೆಯಗೊಡರು. ಕಬ್ಬಿಣವು ಕಾದು ಹಿಗ್ಗಿ ಸುಳ್ಳು ಹೇಳುವುದಂತೆ.

ಎಂಬತ್ತೆಂಟು ಅಂಕಿಗಳನ್ನು ಸಾಲಾಗಿ ಬರೆದ ಮೇಲೆ ಎಂಜಿನ್ನಿನ ಪೂರ್ವಚರಿತ್ರೆ ನನಗೂ ಸ್ವಲ್ಪ ಕಾಣಿಸತೊಡಗಿತು. ಸಿಲಿಂಡರು ಎಲ್ಲ ಕಡೆಯೂ ಒಂದೇ ಸಮನಾಗಿ ಸವೆಯುವುದಿಲ್ಲ. ಮೇಲಿನ ರಿಂಗು ಹೋಗಿ ತಿರುಗಿ ಬರುವ ಎಡೆಯಲ್ಲಿ ಬೆಂಕಿ ಹೆಚ್ಚು, ಎಣ್ಣೆ ಕಡಿಮೆ. ಅಲ್ಲಿಯೇ ಸವಕಳಿ ಹೆಚ್ಚು. ಕ್ರ್ಯಾಂಕಿನ ನಾಲ್ಕನೆಯ ಕತ್ತು ದುಂಡಾಗಿರದೆ ಮೊಟ್ಟೆಯಾಕಾರವಾಗಿತ್ತು. ಕಣ್ಣಿಗೆ ಅದು ಕನ್ನಡಿಯಂತೆ ಹೊಳೆಯುತ್ತಿತ್ತು. ಅಂಕಿಯಿಲ್ಲದಿದ್ದರೆ ನಾನು ಅದನ್ನೇ ಎಲ್ಲಕ್ಕಿಂತ ಚೆನ್ನಾಗಿದೆಯೆಂದು ಹೇಳುತ್ತಿದ್ದೆನೇನೋ! ಕ್ರ್ಯಾಂಕನ್ನು ಸಾಣೆ ಹಿಡಿಸಿ ಸಣ್ಣದು ಮಾಡಿಸಿ, ಅಷ್ಟೇ ದಪ್ಪನಾದ ಬೇರಿಂಗುಗಳನ್ನು ಹಾಕುವುದು ಕ್ರಮ. ಅವು ೦.೨೫, ೦.೫೦ ಎಂದು ಕಾಲು ಕಾಲು ಮಿಲಿಮೀಟರಿನ ಮೆಟ್ಟಲುಗಳಲ್ಲಿ ದೊರೆಯುತ್ತವೆ. ನಮ್ಮದು ಕಂಬಿಯ ಕತ್ತುಗಳಲ್ಲಿ ೦.೫೦ಕ್ಕೆ ಹೋಯಿತು. ಲೈನರ್ ಹೊಡೆದು ಬೋರು ಮಾಡುವ ಕೆಲಸವನ್ನು ಯಂತ್ರವಿದ್ದವರಲ್ಲಿಗೆ ಕಳುಹಿಸಿದೆವು. ಎಣ್ಣೆಯ ಪಂಪನ್ನು ಮೇಸ್ತ್ರಿಗಳು ಮುಟ್ಟಲಿಲ್ಲ. ೧೯೫೧ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಮೈಕೋ ಕಂಪನಿಯ ಪಂಪು ಅದು. ಅದರ ಒಳಗಿನ ಸಂದುಗಳು ಮೈಕ್ರೊಮೀಟರಿಗೂ ನಿಲುಕದಷ್ಟು ಸಣ್ಣವು. ಅದನ್ನು ಪರೀಕ್ಷಿಸುವ ಮೇಜು ಉಳ್ಳವರೇ ಬೇರೆ. "ನನ್ನ ಕೈಗೆ ಅದು ದೊಡ್ಡ ಕೆಲಸ. ಅವರಿಗೇ ಕೊಡಿ" ಎಂದರು. ತನ್ನ ಕೈಗೆ ಮೀರಿದ್ದು ಯಾವುದೆಂದು ಅಷ್ಟು ಸುಲಭವಾಗಿ ಹೇಳುವ ಪಂಡಿತರನ್ನು ನಾನು ಹೆಚ್ಚಾಗಿ ಕಂಡಿಲ್ಲ.

ಉಳಿದ ಉಪಕರಣಗಳಲ್ಲಿ ಕೆಲವನ್ನು ಅವರೇ ಮಾಡಿಕೊಂಡಿದ್ದರು. ರಿಂಗುಗಳನ್ನು ಅದುಮಿ ಪಿಸ್ಟನ್ನನ್ನು ಒಳಗಿಳಿಸಲು ಎಣ್ಣೆಯ ಡಬ್ಬಿಯ ತಗಡನ್ನು ಕತ್ತರಿಸಿ ಮಾಡಿದ ಒಂದು ಪಟ್ಟಿ. ವಾಲ್ವುಗಳನ್ನು ಅವುಗಳ ಪೀಠದಲ್ಲಿ ಉಜ್ಜಿ ಕೂರಿಸಲು ತುದಿಯಲ್ಲಿ ರಬ್ಬರಿನ ಬಟ್ಟಲಿರುವ ಒಂದು ಕೋಲು. ಅದನ್ನು ಎರಡು ಅಂಗೈಗಳ ನಡುವೆ ಹಿಡಿದು ಮಜ್ಜಿಗೆ ಕಡೆಯುವಂತೆ ಅತ್ತಿತ್ತ ತಿರುಗಿಸಬೇಕು. ಆ ಕೆಲಸವನ್ನು ನನಗೆ ಬಿಟ್ಟರು. ಹನ್ನೆರಡು ವಾಲ್ವುಗಳನ್ನು ಕಡೆಯುವಷ್ಟರಲ್ಲಿ, ದಿನವೂ ಬೆಳಿಗ್ಗೆ ಕಡೆಗೋಲು ಹಿಡಿಯುತ್ತಿದ್ದ ನಮ್ಮ ತಾಯಿಯ ತೋಳಿನ ಮೇಲೆ ನನಗೆ ಹೊಸ ಗೌರವ ಹುಟ್ಟಿತು. ಕಡೆದಾದ ಮೇಲೆ ಸೀಮೆಯೆಣ್ಣೆ ಹುಯ್ದು ನೋಡುವರು. ಒಂದು ಹನಿ ಜಿನುಗಿದರೂ ಮತ್ತೆ ಕಡೆಯಬೇಕು.

ಇನ್ನು ನನ್ನ ತಪ್ಪಿನ ವಿಷಯವನ್ನು ಹೇಳಬೇಕು. ಆರು ಸಿಲಿಂಡರುಗಳಿಗೂ ಒಂದೇ ಹೆಡ್ಡು. ಅದನ್ನು ಬ್ಲಾಕಿನ ಮೇಲೆ ಕೂರಿಸಿ ಬಿಗಿಯುವಾಗ, ನಡುವಿನಿಂದ ಮೊದಲುಮಾಡಿ ಎರಡು ಕಡೆಗೂ ಸುತ್ತುತ್ತ, ಒಂದೇ ಸಲಕ್ಕೆ ಬಿಗಿಯದೆ ಮೂರು ಸುತ್ತಿನಲ್ಲಿ ಬಿಗಿಯಬೇಕು. ಎಷ್ಟು ಬಿಗಿಯಬೇಕೆಂಬುದಕ್ಕೆ ಟಾರ್ಕ್ ರೆಂಚು ಎಂಬ ಉಪಕರಣವುಂಟು. ಅದರ ಹಿಡಿಯ ಮೇಲೆ ಒಂದು ಮುಳ್ಳು ಓಡಿ, ತೋಳಿನ ಬಲವನ್ನು ಅಂಕಿಯಲ್ಲಿ ತೋರಿಸುತ್ತದೆ. ನಮ್ಮ ಶೆಡ್ಡಿನಲ್ಲಿ ಅದಿರಲಿಲ್ಲ. ಟ್ರ್ಯಾಕ್ಟರಿನ ಕೆಲಸ ಮಾಡುವವರಿಂದ ಒಂದು ದಿನದ ಮಟ್ಟಿಗೆ ಬೇಡಿ ತಂದಿದ್ದೆವು. ಪುಸ್ತಕದಲ್ಲಿದ್ದ ಲೆಕ್ಕ ಕಿಲೋಗ್ರಾಂ-ಮೀಟರು. ರೆಂಚಿನ ಮೇಲಿದ್ದ ಲೆಕ್ಕ ಅಡಿ-ಪೌಂಡು. ಒಂದು ಕಿಲೋಗ್ರಾಂ-ಮೀಟರಿಗೆ ೭.೨೩ ಅಡಿ-ಪೌಂಡು. ನ್ಯೂಟನ್-ಮೀಟರು ಎಂಬ ಮತ್ತೊಂದು ಮಾನದಲ್ಲಾದರೆ ೯.೮೧, ಅಂದರೆ ಸುಮಾರು ಹತ್ತರಿಂದ ಗುಣಿಸಿದರೆ ಸಾಕು. ನಾನು ಹಿಂದಿನ ರಾತ್ರಿ ಹೈಸ್ಕೂಲಿನ ವಿಜ್ಞಾನದ ಪುಸ್ತಕವನ್ನು ತೆರೆದು ಇದನ್ನೆಲ್ಲ ಓದಿಕೊಂಡಿದ್ದೆನು. ಮರುದಿನ, ಓದಿಕೊಂಡ ಹಮ್ಮಿನಲ್ಲಿ, ಅಡಿ-ಪೌಂಡಿನ ರೆಂಚಿಗೆ ಹತ್ತರಿಂದ ಗುಣಿಸಿದ ಅಂಕಿಯನ್ನು ಹೇಳಿಬಿಟ್ಟೆನು. ಬರಬೇಕಾದ್ದಕ್ಕಿಂತ ಮೂರರಲ್ಲೊಂದು ಪಾಲಿಗೂ ಹೆಚ್ಚು!

ಮೂರನೆಯ ಸುತ್ತು. ನಡುವಿನ ಮೊದಲ ಬೋಲ್ಟು ಹೇಗೋ ತಡೆದುಕೊಂಡಿತು. ಎರಡನೆಯದನ್ನು ಎಳೆಯುತ್ತಿದ್ದ ಮೇಸ್ತ್ರಿಗಳು ತಟ್ಟನೆ ನಿಲ್ಲಿಸಿದರು. ಕಣ್ಣು ಮುಚ್ಚಿ ರೆಂಚನ್ನು ಮತ್ತೆ ಕೂದಲೆಳೆಯಷ್ಟು ಒತ್ತಿ ನೋಡಿದರು.

"ಮೇಷ್ಟ್ರೆ, ಇನ್ನೊಂದು ಸಲ ಓದಿ."

ನಾನು ಅದೇ ಅಂಕಿಯನ್ನು ಇನ್ನೂ ಸ್ವಲ್ಪ ಗಟ್ಟಿಯಾಗಿ ಓದಿದೆನು.

"ಪುಸ್ತಕದಲ್ಲಿ ಇರುವುದನ್ನು ಓದಿ. ನಿಮ್ಮ ಲೆಕ್ಕ ಬೇಡ. ಬೋಲ್ಟು ತಿರುಗುತ್ತಿದೆ, ಭಾರ ಮಾತ್ರ ಏರುತ್ತಿಲ್ಲ. ಇದು ಎಳೆದುಹೋಗುತ್ತಿದೆ."

ನಾನು ಪುಸ್ತಕವನ್ನು ನೋಡಿದೆನು, ರೆಂಚಿನ ಮೇಲಿನ ಅಕ್ಷರಗಳನ್ನು ನೋಡಿದೆನು, ನನ್ನ ಗುಣಾಕಾರವನ್ನು ನೋಡಿದೆನು. ಮೈಯೆಲ್ಲ ಬೆವೆತುಹೋಯಿತು. ಮೂರನ್ನೂ ನಾಲ್ಕನ್ನೂ ಅದಲುಬದಲು ಮಾಡಿದವರನ್ನು ನಾನು ಎರಡು ವಾರಗಳಿಂದ ಮನಸ್ಸಿನಲ್ಲಿಯೇ ಶಪಿಸುತ್ತಿದ್ದೆನು. ಅವರು ಓದದೆ ಮಾಡಿದ್ದನ್ನು ನಾನು ಓದಿ ಮಾಡಿದ್ದೆನು. ಆ ಬೋಲ್ಟು ರಸ್ತೆಯಲ್ಲಿ, ಹೇರು ತುಂಬಿದ ಲಾರಿಯಲ್ಲಿ ಮುರಿದಿದ್ದರೆ ಈ ಬಾರಿ ಅಡವಿಡಲು ಆ ಮನೆಯಲ್ಲಿ ಏನೂ ಉಳಿದಿರಲಿಲ್ಲ.

ಮೇಸ್ತ್ರಿಗಳು ಎಲ್ಲ ಬೋಲ್ಟುಗಳನ್ನೂ ಸಡಿಲಿಸಿ ತೆಗೆದರು. ಎಳೆದುಹೋದ ಬೋಲ್ಟನ್ನು ಹೊಸದರ ಪಕ್ಕದಲ್ಲಿ ಹಿಡಿದು ತೋರಿಸಿದರು. ಕತ್ತು ಸಣ್ಣಗಾಗಿ ಉದ್ದವಾಗಿತ್ತು. ಒಮ್ಮೆ ಅದುಮಿದ ಗ್ಯಾಸ್ಕೆಟ್ಟನ್ನು ಮತ್ತೆ ಹಾಕಬಾರದೆಂದು ಅದನ್ನೂ ಮೂಲೆಗೆ ಎಸೆದರು. ಹೊಸ ಬೋಲ್ಟುಗಳೂ ಗ್ಯಾಸ್ಕೆಟ್ಟೂ ಬರುವುದಕ್ಕೆ ಎರಡು ದಿನ ಹಿಡಿಯಿತು. ಅವುಗಳ ಹಣವನ್ನು ನಾನು ಕೊಟ್ಟೆನು. ಸಂಜೆ ತಮ್ಮನು ಬಂದು ತಡವೇಕೆಂದು ಕೇಳಿದಾಗ ಮೇಸ್ತ್ರಿಗಳು ನನ್ನ ಮುಖವನ್ನೂ ನೋಡದೆ, "ಬೋಲ್ಟು ಹಳೆಯದು. ಬದಲಾಯಿಸುತ್ತಿದ್ದೇನೆ" ಎಂದರು. ನಾನೂ ಬಾಯಿ ಬಿಡಲಿಲ್ಲ. ತಮ್ಮನಿಗೆ ನಿಜವನ್ನು ಹೇಳಿದ್ದು ಬಹಳ ವರ್ಷಗಳ ಮೇಲೆ, ಲಾರಿ ಮಾರಿಹೋದ ನಂತರ.

ಆ ಎರಡು ದಿನಗಳಲ್ಲಿ ನಾನು ಸುಮ್ಮನೆ ಕೂರಲಾರದೆ, ಪುಸ್ತಕದಲ್ಲಿ ನಮಗೆ ಬೇಕಾದ ಭಾಗಗಳನ್ನೆಲ್ಲ ಕನ್ನಡಕ್ಕೆ ಇಳಿಸಿದೆನು. ಶುದ್ಧ ಕನ್ನಡದ ಮಾತುಗಳನ್ನು ಕಟ್ಟುವ ಚಪಲವು ಮೊದಲು ನನ್ನನ್ನು ಬಿಡಲಿಲ್ಲ. ಪಿಸ್ಟನ್ನಿಗೆ ಒಂದು ಸಂಸ್ಕೃತ ಸಮಾಸವನ್ನೇ ಕಟ್ಟಿದ್ದೆನು. ಮೇಸ್ತ್ರಿಗಳು ಅದನ್ನು ಕೇಳಿ, "ಇದು ಯಾವ ಊರಿನ ಸಾಮಾನು?" ಎಂದರು. ಅದನ್ನು ಹೊಡೆದುಹಾಕಿ ಪಿಸ್ಟನ್, ರಿಂಗು, ಹೆಡ್ಡು, ನಾಜಲ್ಲು ಎಂದು ಅವರ ಬಾಯಲ್ಲಿ ಇದ್ದಂತೆಯೇ ಬರೆದೆನು. ಬಿಗಿತದ ಅಂಕಿಗಳನ್ನು ಮಾತ್ರ ಕಿಲೋಗ್ರಾಂ-ಮೀಟರಿನಲ್ಲೊಂದು, ಅಡಿ-ಪೌಂಡಿನಲ್ಲೊಂದು, ನ್ಯೂಟನ್-ಮೀಟರಿನಲ್ಲೊಂದು, ಹೀಗೆ ಮೂರು ಸಾಲುಗಳಲ್ಲಿ ಕೆಂಪು ಮಸಿಯಿಂದ ಬರೆದು, ಗಣಿತದ ಉಪಾಧ್ಯಾಯರೊಬ್ಬರಿಂದ ತಿದ್ದಿಸಿದೆನು.

ಹೆಡ್ಡು ಕೂತ ಮೇಲೆ ವಾಲ್ವುಗಳ ಸಂದನ್ನು ಇಡಬೇಕು. ಎಂಜಿನ್ನು ತಣ್ಣಗಿರುವಾಗ ಗಾಳಿಯ ವಾಲ್ವಿಗೆ ೦.೨೦, ಹೊಗೆಯ ವಾಲ್ವಿಗೆ ೦.೩೦ ಮಿಲಿಮೀಟರು. ಹೊಗೆಯ ವಾಲ್ವು ಹೆಚ್ಚು ಕಾದು ಹೆಚ್ಚು ಬೆಳೆಯುವುದರಿಂದ ಅದಕ್ಕೆ ಹೆಚ್ಚು ಎಡೆ. ತೆಳು ಉಕ್ಕಿನ ಎಲೆಗಳ ಕಟ್ಟಿನಿಂದ ತಕ್ಕ ಎಲೆಯನ್ನು ಆರಿಸಿ ಸಂದಿನಲ್ಲಿ ತೂರಿಸಿ ನೋಡುವರು. ಎಲೆಯು ಸರಾಗವಾಗಿಯೂ ಹೋಗಬಾರದು, ಸಿಕ್ಕಿಯೂ ಬೀಳಬಾರದು. ಸಿಲಿಂಡರುಗಳಿಗೆ ಬೆಂಕಿ ಬೀಳುವ ಕ್ರಮ ೧, ೫, ೩, ೬, ೨, ೪. ಸಾಲಾಗಿ ಬೀಳದೆ ಹೀಗೇಕೆಂದು ಕೇಳಿದೆನು. "ಕಟ್ಟಿಗೆ ಒಲೆಯಲ್ಲಿ ಒಂದೇ ಮೂಲೆಗೆ ಸೌದೆ ತುರುಕುತ್ತೀರೇನು?" ಎಂದು ಮೇಸ್ತ್ರಿಗಳು ಕೇಳಿದರು. ಪುಸ್ತಕದಲ್ಲಿ ಬೇರೆ ಮಾತುಗಳಲ್ಲಿ, ಅಲುಗಾಟ ಕಡಿಮೆಯಾಗಬೇಕು, ಕ್ರ್ಯಾಂಕಿನ ಮೇಲೆ ಬೀಳುವ ಪೆಟ್ಟು ಹಂಚಿಹೋಗಬೇಕು ಎಂದಿತ್ತು.

ಮಾರ್ಚಿ ತಿಂಗಳ ಒಂದು ಬೆಳಿಗ್ಗೆ ಎಂಜಿನ್ನನ್ನು ಚಾಲೂ ಮಾಡುವುದೆಂದಾಯಿತು. ತಮ್ಮನ ಹೆಂಡತಿಯು ನಿಂಬೆಹಣ್ಣನ್ನೂ ಕರ್ಪೂರವನ್ನೂ ತಂದಿದ್ದಳು. ಮೇಸ್ತ್ರಿಗಳು ತಮ್ಮ ದೇವರನ್ನು ನೆನೆದು ಎಣ್ಣೆಯ ಕೊಳವೆಗಳಲ್ಲಿದ್ದ ಗಾಳಿಯನ್ನು ಬಿಟ್ಟರು. ಕೊಳವೆಯಲ್ಲಿ ಗಾಳಿಯ ಗುಳ್ಳೆಯಿದ್ದರೆ ಡೀಸೆಲ್ ಎಂಜಿನ್ನು ಜಪ್ಪಯ್ಯವೆಂದರೂ ಏಳುವುದಿಲ್ಲ. ಮೊದಲ ಸಲಕ್ಕೆ ಏಳಲಿಲ್ಲ. ಎರಡನೆಯ ಸಲ ಎರಡು ಬಾರಿ ಕೆಮ್ಮಿತು. ಮೂರನೆಯ ಸಲ ಎದ್ದಿತು. ಯಾರೂ ಎಂಜಿನ್ನನ್ನು ನೋಡಲಿಲ್ಲ; ಎಲ್ಲರೂ ಎಣ್ಣೆಯ ಒತ್ತಡ ತೋರಿಸುವ ಮುಳ್ಳನ್ನೇ ನೋಡುತ್ತಿದ್ದೆವು. ಅದು ಮೆಲ್ಲನೆ ಏರಿ ತನ್ನ ಜಾಗದಲ್ಲಿ ನಿಂತಿತು. ಬಿಳಿಯ ಹೊಗೆ ಬಂದು, ತೆಳುವಾಗಿ, ಸ್ವಲ್ಪ ಹೊತ್ತಿನಲ್ಲಿ ಕಾಣದಾಯಿತು. ಮೇಸ್ತ್ರಿಗಳು ಉದ್ದವಾದ ತಿರುಪುಳಿಯೊಂದರ ತುದಿಯನ್ನು ಬ್ಲಾಕಿಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿ, ವೈದ್ಯರು ಎದೆಯನ್ನು ಪರೀಕ್ಷಿಸುವಂತೆ ಆರು ಕಡೆಯೂ ಕೇಳಿದರು. ಆಮೇಲೆ ಬೀಡಿ ಹಚ್ಚಿದರು. ಆ ಬೀಡಿಯಿಂದಲೇ ನಮಗೆ ಧೈರ್ಯವಾಯಿತು.

ಮೊದಲ ಕೆಲವು ಓಟಗಳಲ್ಲಿ ಅರೆ ಹೇರನ್ನೇ ಹಾಕಬೇಕೆಂದೂ, ಓಡಿ ಬಂದ ಮೇಲೆ ಹೆಡ್ಡನ್ನೂ ವಾಲ್ವುಗಳನ್ನೂ ಇನ್ನೊಮ್ಮೆ ನೋಡಿಸಬೇಕೆಂದೂ ಕಟ್ಟಪ್ಪಣೆಯಾಯಿತು. ಆ ಬೇಸಗೆಯಲ್ಲಿ ಉಳಿದಿದ್ದ ಮೆಣಸಿನಕಾಯಿ ಅರೆ ಹೇರಿನಲ್ಲಿಯೇ ಹೋಯಿತು. ಬಳೆಗಳು ಮಾರನೆಯ ವರ್ಷದ ಯುಗಾದಿಗೆ ಮನೆಗೆ ಬಂದವು. ಆ ಎಂಜಿನ್ನ ಕೆಳಹೊಟ್ಟೆಯನ್ನು ೨೦೦೧ರವರೆಗೆ ಯಾರೂ ಬಿಚ್ಚಬೇಕಾಗಲಿಲ್ಲ. ಆ ವರ್ಷ ತಮ್ಮನು ಲಾರಿಯನ್ನು ಮಾರಿದನು. ಮೇಸ್ತ್ರಿಗಳು ಅದಕ್ಕೆ ಮುಂಚೆಯೇ ತೀರಿಕೊಂಡಿದ್ದರು.

ತಮ್ಮನ ಮಗನು ಈಗ ಹೊಸ ಲಾರಿಗಳ ಕೆಲಸ ಮಾಡುತ್ತಾನೆ. ೨೦೨೦ರ ಏಪ್ರಿಲಿನಿಂದ ಬಂದ ಹೊಗೆಯ ಕಟ್ಟಳೆಯ ಎಂಜಿನ್ನುಗಳಿಗೆ ಮೊದಲು ಕಂಪ್ಯೂಟರನ್ನು ಜೋಡಿಸಬೇಕಂತೆ. ರೋಗವನ್ನು ಎಂಜಿನ್ನೇ ಅಂಕಿಯಲ್ಲಿ ಬರೆದು ತಿಳಿಸುವುದಂತೆ. ಪುಸ್ತಕಗಳೆಲ್ಲ ಅವನ ಫೋನಿನಲ್ಲಿಯೇ ಇವೆ. ಆದರೆ ಅವನ ಸ್ನೇಹಿತನೊಬ್ಬನು ಹಳೆಯ ೬೯೭ ಒಂದನ್ನು ಕೊಂಡಿದ್ದಾನೆ. ಅದರ ಕೆಲಸಕ್ಕೆ ಈ ಪೆಟ್ಟಿಗೆ ಬೇಕಾಯಿತು. ಅವನು ಎರಡು ಇಂಗ್ಲಿಷ್ ಪುಸ್ತಕಗಳನ್ನು ಮೇಲೆ ಮೇಲೆ ನೋಡಿ ಬದಿಗಿಟ್ಟು, ನೋಟು ಬುಕ್ಕನ್ನು ತೆರೆದು, ಕೆಂಪು ಮಸಿಯ ಪುಟದಲ್ಲಿ ಬಹಳ ಹೊತ್ತು ನಿಂತನು. "ಮೂರು ಲೆಕ್ಕವನ್ನೂ ಬರೆದಿದ್ದೀರಲ್ಲ ದೊಡ್ಡಪ್ಪ, ಒಳ್ಳೆಯದಾಯಿತು" ಎಂದನು. ಪುಟಗಳ ಚಿತ್ರ ತೆಗೆದುಕೊಂಡನು. ಆಮೇಲೆ ಮನಸ್ಸು ಬದಲಾಯಿಸಿ ನೋಟು ಬುಕ್ಕನ್ನೇ ಕೇಳಿದನು. ಎರಡು ದಿನಕ್ಕೆಂದು ಅವನು ಹೇಳಲಿಲ್ಲವಾದ್ದರಿಂದ ಕೊಟ್ಟೆನು. ಮೈಕ್ರೊಮೀಟರನ್ನೂ ಕೊಟ್ಟೆನು.

"ಈ ಬೋಲ್ಟು ಯಾತರದು? ಇದು ಎಳೆದುಹೋಗಿದೆಯಲ್ಲ, ಬಿಸಾಡಲೆ?" ಎಂದು ಕೊನೆಗೆ ಕೇಳಿದನು.

"ಅದು ನನ್ನದು" ಎಂದು ಹೇಳಿ ಅದನ್ನು ಅವನ ಕೈಯಿಂದ ತೆಗೆದುಕೊಂಡು, ಪೆಟ್ಟಿಗೆಯಲ್ಲಿಟ್ಟು ಮುಚ್ಚಿದೆನು. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿಯು ಈ ಸಲ ಗುಜರಿಯ ಮಾತೆತ್ತದೆ, ಅಟ್ಟದ ಏಣಿಯನ್ನು ತಂದು ಗೋಡೆಗೆ ಆನಿಸಿದಳು.